ಹರೆಯದ ಮಗುವಿನೊಂದಿಗೆ ಹುಬ್ಬಳ್ಳಿ-ಧಾರವಾಡಕ್ಕೆ ಬರುವವರಿಗೆ: ಮೊದಲು ಶಾಲೆ, ಆಮೇಲೆ ಮನೆ

ಹುಬ್ಬಳ್ಳಿ-ಧಾರವಾಡಕ್ಕೆ ವರ್ಗವಾಗಿ ಬರುವ ಕುಟುಂಬಗಳು ಸಾಮಾನ್ಯವಾಗಿ ಒಂದೇ ಕ್ರಮವನ್ನು ಅನುಸರಿಸುತ್ತವೆ. ಮೊದಲು ಕಚೇರಿಗೆ ಹತ್ತಿರದಲ್ಲಿ ಬಾಡಿಗೆ ಮನೆ ಗೊತ್ತು ಮಾಡಿ, ಸಾಮಾನು ಇಳಿಸಿ, ಗ್ಯಾಸ್ ಸಂಪರ್ಕ ಬದಲಿಸಿಕೊಂಡು, ಆಮೇಲೆ ಆ ಮನೆಯ ಸುತ್ತಮುತ್ತ ಯಾವ ಶಾಲೆಯಲ್ಲಿ ಸೀಟು ಸಿಗುತ್ತದೆಯೋ ಅಲ್ಲಿಗೆ ಮಗುವನ್ನು ಸೇರಿಸುತ್ತಾರೆ. ಮಗು ಒಂದನೆಯ ಅಥವಾ ಎರಡನೆಯ ತರಗತಿಯಲ್ಲಿದ್ದರೆ ಈ ಕ್ರಮದಿಂದ ಹೆಚ್ಚಿನ ನಷ್ಟವಿಲ್ಲ. ಮಗು ಎಂಟು, ಒಂಬತ್ತು, ಹತ್ತರಲ್ಲಿದ್ದರೆ ಮಾತ್ರ ಇಡೀ ಕ್ರಮವನ್ನು ತಿರುವಿಹಾಕಬೇಕು: ಮೊದಲು ಮಗು ಮುಂದೆ ಏನು ಓದಬಹುದು ಎಂಬುದು, ಅದರ ಮೇಲೆ ಶಾಲೆ, ಶಾಲೆಯ ಮೇಲೆ ಮನೆ, ಕೊನೆಗೆ ಕಚೇರಿಯ ದೂರ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಗೆ ಬಂದವರಿರಲಿ, ಧಾರವಾಡದ ಹೈಕೋರ್ಟ್ ಪೀಠಕ್ಕೆ ಬಂದವರಿರಲಿ, ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಬಂದವರಿರಲಿ, ದೊಡ್ಡವರು ದಿನಕ್ಕೆ ಒಂದು ತಾಸು ಹೆಚ್ಚು ಓಡಾಡಿದರೆ ದಣಿವಾಗುತ್ತದೆ, ಅಷ್ಟೆ. ಹದಿನಾಲ್ಕರ ಮಗು ಅದೇ ಒಂದು ತಾಸನ್ನು ನಿದ್ದೆಯಿಂದ, ಆಟದಿಂದ ಕಡಿದುಕೊಳ್ಳಬೇಕಾಗುತ್ತದೆ.

ನಾನು ಈ ಪಾಠವನ್ನು ತಡವಾಗಿ ಕಲಿತವನು. ಮಗಳು ಎಂಟನೆಯ ತರಗತಿ ಮುಗಿಸಿದ ವರ್ಷ ಶಿವಮೊಗ್ಗದಿಂದ ಇಲ್ಲಿಗೆ ಬಂದೆವು. ಏಪ್ರಿಲ್ ತಿಂಗಳಲ್ಲಿ ಒಂದೇ ದಿನ ಬಂದು, ಗೋಕುಲ ರಸ್ತೆಯಿಂದ ಒಳಗಿರುವ ಒಂದು ಬಡಾವಣೆಯಲ್ಲಿ ಮನೆ ನೋಡಿ, ಮುಂಗಡ ಕೊಟ್ಟು ಹೋದೆ. ಶಾಲೆ ಸಿಕ್ಕಿದ್ದು ಧಾರವಾಡದಲ್ಲಿ. ಆ ವರ್ಷವಿಡೀ ಮಗಳು ಬೆಳಿಗ್ಗೆ ಆಟೋ, ಬಸ್ಸು, ನಡಿಗೆ ಎಂದು ಮೂರು ಹಂತಗಳಲ್ಲಿ ಶಾಲೆ ತಲುಪುತ್ತಿದ್ದಳು. ತಪ್ಪು ನನ್ನದೇ ಆದ್ದರಿಂದ, ಬೇರೆಯವರು ಅದನ್ನು ಮಾಡದಿರಲಿ ಎಂದು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಯಾವ ವರ್ಷ ಬರಬೇಕು

ಕರ್ನಾಟಕದಲ್ಲಿ ಪ್ರೌಢಶಾಲೆಯೆಂದರೆ 8ರಿಂದ 10ನೆಯ ತರಗತಿ. ಅದಾದ ಮೇಲಿನ ಎರಡು ವರ್ಷ ಪದವಿಪೂರ್ವ ಕಾಲೇಜಿನದು. ಹೊರರಾಜ್ಯದಿಂದ ಬರುವವರು ಈ ಒಡಕನ್ನು ಗಮನಿಸುವುದಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ರಾಜ್ಯ ಪಠ್ಯಕ್ರಮದ ಬಹುತೇಕ ಮಕ್ಕಳು ಹೇಗೂ ಶಾಲೆ ಬಿಟ್ಟು ಕಾಲೇಜಿಗೆ ಹೋಗುವುದರಿಂದ, ಪಿಯುಸಿ ಮೊದಲ ವರ್ಷದಲ್ಲಿ ತರಗತಿಯ ಎಲ್ಲರೂ ಪರಸ್ಪರ ಹೊಸಬರಾಗಿರುತ್ತಾರೆ. ಆದ್ದರಿಂದ ವರ್ಗಾವಣೆಯ ಮೇಲೆ ಸ್ವಲ್ಪವಾದರೂ ಹಿಡಿತವಿರುವವರು ಎಂಟರ ಆರಂಭದಲ್ಲಿ ಅಥವಾ ಪಿಯುಸಿಯ ಆರಂಭದಲ್ಲಿ ಬರುವುದು ಒಳ್ಳೆಯದು. ಒಂಬತ್ತಕ್ಕೆ ಬರುವುದು ಸಾಧ್ಯ, ಆದರೆ ಸುಲಭವಲ್ಲ. ಹತ್ತಕ್ಕೆ ಬರುವುದನ್ನು ತಪ್ಪಿಸಲು ಒಂದು ವರ್ಷ ಎರಡು ಮನೆ ನಡೆಸಬೇಕಾದರೂ, ಅಜ್ಜ-ಅಜ್ಜಿಯರ ಬಳಿ ಮಗುವನ್ನು ಬಿಟ್ಟಿರಬೇಕಾದರೂ ಚಿಂತೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೇಂದ್ರೀಯ ಪಠ್ಯಕ್ರಮದಲ್ಲಿ ಈ ವಿಷಯ ಕೇವಲ ಅಭಿಪ್ರಾಯವಲ್ಲ, ನಿಯಮವೇ ಆಗಿದೆ. ಸಿಬಿಎಸ್‌ಇ ಒಂಬತ್ತನೆಯ ತರಗತಿಯಲ್ಲಿಯೇ ವಿದ್ಯಾರ್ಥಿಯ ನೋಂದಣಿ ಮಾಡಿಸುತ್ತದೆ. ಹತ್ತನೆಯ ತರಗತಿಗೆ ಹೊಸದಾಗಿ ಸೇರಬೇಕಾದರೆ ಒಂಬತ್ತನ್ನು ಅದೇ ಮಂಡಳಿಯ ಶಾಲೆಯಲ್ಲಿ ಓದಿ ತೇರ್ಗಡೆಯಾಗಿರಬೇಕು, ಜೊತೆಗೆ ತಂದೆ-ತಾಯಿಯ ವರ್ಗಾವಣೆಯಂಥ ಕಾರಣವನ್ನು ದಾಖಲೆ ಸಮೇತ ತೋರಿಸಿ ಅನುಮತಿ ಪಡೆಯಬೇಕು. ರಾಜ್ಯ ಪಠ್ಯಕ್ರಮದಲ್ಲಿ ಒಂಬತ್ತು ಓದಿದ ಮಗುವನ್ನು ಹತ್ತಕ್ಕೆ ಸಿಬಿಎಸ್‌ಇಗೆ ಹಾಕುತ್ತೇವೆ ಎಂದು ಯಾರಾದರೂ ಶಾಲೆಯವರು ಬಾಯಿಮಾತಿನ ಭರವಸೆ ಕೊಟ್ಟರೆ, ಅದನ್ನು ಬರವಣಿಗೆಯಲ್ಲಿ ಕೇಳಿ. ಬಹಳಷ್ಟು ಸಲ ಅಲ್ಲಿಗೇ ಮಾತು ನಿಲ್ಲುತ್ತದೆ.

ಎಂಟಕ್ಕೆ ಬರುವುದರಲ್ಲಿ ಇನ್ನೊಂದು ಅನುಕೂಲವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೆಯ ತರಗತಿಯವರೆಗೆ ಇರುತ್ತದೆ: ಅಲ್ಲಿಯವರೆಗೆ ಪ್ರವೇಶಕ್ಕೆ ಆಯ್ಕೆ ಪರೀಕ್ಷೆ ನಡೆಸುವಂತಿಲ್ಲ, ವರ್ಗಾವಣೆ ಪತ್ರ ಬರುವುದು ತಡವಾಯಿತೆಂಬ ಕಾರಣಕ್ಕೆ ಸರಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ಹಿಂದೆ ಕಳುಹಿಸುವಂತಿಲ್ಲ. ಒಂಬತ್ತಕ್ಕೆ ಕಾಲಿಟ್ಟ ಮೇಲೆ ಶಾಲೆಯವರು ಕೇಳಿದ್ದನ್ನೆಲ್ಲ ಒದಗಿಸಬೇಕಾದವರು ನೀವೇ.

ಭಾಷೆಯ ಲೆಕ್ಕ

ಶಾಲೆ ಆಯ್ಕೆ ಮಾಡುವಾಗ ಕಟ್ಟಡ, ಫೀ, ಫಲಿತಾಂಶಗಳನ್ನು ಎಲ್ಲರೂ ನೋಡುತ್ತಾರೆ. ಭಾಷೆಗಳ ಜೋಡಣೆಯನ್ನು ನೋಡುವವರು ಕಡಿಮೆ. ಎಸ್‌ಎಸ್‌ಎಲ್‌ಸಿಯ ಒಟ್ಟು 625 ಅಂಕಗಳಲ್ಲಿ ಮೊದಲ ಭಾಷೆಯೊಂದಕ್ಕೇ 125 ಅಂಕಗಳಿವೆ. ಕೆಲವು ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಮೊದಲ ಭಾಷೆಯಾಗಿ ಸಂಸ್ಕೃತವನ್ನು ಕೊಡುತ್ತಾರೆ, ಕೆಲವು ಕಡೆ ಕನ್ನಡ ಮಾತ್ರ ಇರುತ್ತದೆ, ಇನ್ನು ಕೆಲವು ಕಡೆ ಇಂಗ್ಲಿಷ್ ಮೊದಲ ಭಾಷೆಯಾಗಿ ಕನ್ನಡ ಎರಡನೆಯದಾಗಿರುತ್ತದೆ. ಹಿಂದಿನ ಊರಿನಲ್ಲಿ ಸಂಸ್ಕೃತ ಓದಿದ ಮಗು ಇಲ್ಲಿ ಒಂಬತ್ತರಲ್ಲಿ ಏಕಾಏಕಿ ಮೊದಲ ಭಾಷೆ ಕನ್ನಡದ ಹಳಗನ್ನಡ ಪದ್ಯ, ವ್ಯಾಕರಣ, ಛಂದಸ್ಸುಗಳ ಎದುರು ಕೂರಬೇಕಾದರೆ ಆ ಒಂದು ವಿಷಯವೇ ವರ್ಷದ ಅರ್ಧ ಶಕ್ತಿಯನ್ನು ತಿನ್ನುತ್ತದೆ. ಸಿಬಿಎಸ್‌ಇಯ 9 ಮತ್ತು 10ರಲ್ಲಿ ಸಾಮಾನ್ಯವಾಗಿ ಎರಡೇ ಭಾಷೆಗಳ ಪರೀಕ್ಷೆ ಇರುವುದರಿಂದ, ಅಲ್ಲಿಂದ ರಾಜ್ಯ ಪಠ್ಯಕ್ರಮಕ್ಕೆ ಬರುವ ಮಗುವಿಗೆ ಮೂರನೆಯ ಭಾಷೆಯೂ ಹೊಸ ಹೊರೆಯೇ. ಆದ್ದರಿಂದ ಮುಖ್ಯಾಧ್ಯಾಪಕರ ಮುಂದೆ ಕೇಳುವ ಮೊದಲ ಪ್ರಶ್ನೆ ಫೀ ಎಷ್ಟು ಎಂಬುದಾಗಿರಬಾರದು. ಒಂಬತ್ತರಲ್ಲಿ ಮೊದಲ, ಎರಡನೆಯ, ಮೂರನೆಯ ಭಾಷೆ ಯಾವುವು, ಮಗು ಓದಿಕೊಂಡು ಬಂದ ಜೋಡಣೆ ಸಿಗುತ್ತದೆಯೇ ಎಂಬುದಾಗಿರಬೇಕು.

ಮಾತಿನ ಕನ್ನಡದ ವಿಷಯ ಬೇರೆಯೇ. ಮೈಸೂರು, ಮಲೆನಾಡು, ಕರಾವಳಿಯ ಕಡೆಯಿಂದ ಬಂದ ಮಕ್ಕಳ ಮಾತನ್ನು ಇಲ್ಲಿಯ ಮಕ್ಕಳು ಮೊದಮೊದಲು ಅಣಕಿಸುತ್ತಾರೆ, ಇವರ ಕಿವಿಗೆ ಅವರ ಮಾತು ಜಗಳದಂತೆ ಕೇಳಿಸುತ್ತದೆ. ದೀಪಾವಳಿಯ ಹೊತ್ತಿಗೆ ನಮ್ಮ ಮನೆಯಲ್ಲಿಯೇ 'ಹೌದಲ್ಲೋ', 'ಬ್ಯಾಡ' ಶುರುವಾಗಿದ್ದವು. ಅದಕ್ಕೆ ಹೆದರಿ ಶಾಲೆ ಬದಲಿಸುವ ಅಗತ್ಯವಿಲ್ಲ.

ಹಳ್ಳಿಯಿಂದ ಬರುವವರು ಕಳೆದುಕೊಳ್ಳಬಹುದಾದದ್ದು

ಅಣ್ಣಿಗೇರಿ, ಕುಂದಗೋಳ, ಶಿಗ್ಗಾವಿ, ಮುಂಡರಗಿ ಸೀಮೆಯ ಹಳ್ಳಿಗಳಿಂದ ಮಕ್ಕಳ ಓದಿಗಾಗಿಯೇ ಹುಬ್ಬಳ್ಳಿಗೆ ಬರುವ ಕುಟುಂಬಗಳು ಬಹಳ. ಇವರು ಒಂದು ನಿಯಮವನ್ನು ತಿಳಿದು ಹೆಜ್ಜೆ ಇಡಬೇಕು. ರಾಜ್ಯದ ಸಿಇಟಿ ಮೂಲಕ ವೃತ್ತಿಶಿಕ್ಷಣದ ಸೀಟು ಹಂಚುವಾಗ ಗ್ರಾಮೀಣ ಮೀಸಲಾತಿ ಶೇ. 15 ಇದೆ, ಕನ್ನಡ ಮಾಧ್ಯಮದವರಿಗೆ ಶೇ. 5 ಇದೆ. ಆದರೆ ಒಂದರಿಂದ ಹತ್ತನೆಯ ತರಗತಿಯವರೆಗಿನ ಪೂರ್ತಿ ಹತ್ತು ವರ್ಷಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ, ಓದಿದವರಿಗೆ ಮಾತ್ರ ಅದು ಸಿಗುತ್ತದೆ. ಏಳು ವರ್ಷ ಹಳ್ಳಿಯಲ್ಲಿ ಓದಿದ ಹುಡುಗನನ್ನು 'ಇಂಗ್ಲಿಷ್ ಸುಧಾರಿಸಲಿ' ಎಂದು ಎಂಟಕ್ಕೆ ಹುಬ್ಬಳ್ಳಿ ನಗರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ತಂದರೆ ಎರಡೂ ಒಟ್ಟಿಗೆ ಕೈತಪ್ಪುತ್ತವೆ. ಹತ್ತು ಮುಗಿಸಿ ಪಿಯುಸಿಗೆ ತಂದರೆ ಎರಡೂ ಉಳಿಯುತ್ತವೆ. ನಗರಕ್ಕೆ ತಾಗಿದ ಹಳ್ಳಿಯ ಶಾಲೆಯೊಂದನ್ನು ಇದೇ ಕಾರಣಕ್ಕೆ ಆಯ್ದುಕೊಳ್ಳುವವರು, ಆ ಶಾಲೆ ಮಹಾನಗರ ಪಾಲಿಕೆಯ ಗಡಿಯೊಳಗೆ ಬರುತ್ತದೆಯೇ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಹಳ್ಳಿಯಂತೆಯೇ ಕಾಣುವ ಎಷ್ಟೋ ಊರುಗಳು ಈಗ ಪಾಲಿಕೆಯ ವಾರ್ಡುಗಳಾಗಿವೆ, ಮತ್ತು ಈ ಮೀಸಲಾತಿಗೆ ಬೇಕಾಗುವ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಂದೆ ಮೇಲುರುಜು ಹಾಕುವವರೂ ಕ್ಷೇತ್ರ ಶಿಕ್ಷಣಾಧಿಕಾರಿಗಳೇ.

ಗೋವಾ, ಸೊಲ್ಲಾಪುರ, ಪುಣೆಯ ಕಡೆಯಿಂದ ಮರಳಿ ಬರುವವರಿಗೆ ಇನ್ನೊಂದು ಲೆಕ್ಕವಿದೆ. ಸಿಇಟಿಯ ಸಾಮಾನ್ಯ ಅರ್ಹತೆಗೆ ಒಂದನೆಯ ತರಗತಿಯಿಂದ ಪಿಯುಸಿವರೆಗೆ ಕನಿಷ್ಠ 7 ಶೈಕ್ಷಣಿಕ ವರ್ಷಗಳನ್ನು ಕರ್ನಾಟಕದಲ್ಲಿ ಓದಿರಬೇಕು. ಒಂಬತ್ತಕ್ಕೆ ಬಂದ ಮಗುವಿಗೆ ಸಿಗುವುದು ನಾಲ್ಕೇ ವರ್ಷ. ಹೊರನಾಡ ಮತ್ತು ಗಡಿನಾಡ ಕನ್ನಡಿಗರಿಗೆ, ಕೇಂದ್ರ ಸರಕಾರಿ ನೌಕರರ ಮಕ್ಕಳಿಗೆ ಬೇರೆ ಕಲಮುಗಳಿವೆ. ನಿಮ್ಮದು ಯಾವುದರೊಳಗೆ ಬರುತ್ತದೆ ಎಂದು ಈಗಲೇ ಓದಿಟ್ಟುಕೊಂಡರೆ ಪಿಯುಸಿ ಎರಡನೆಯ ವರ್ಷದಲ್ಲಿ ಕಾಗದಕ್ಕಾಗಿ ಹಳೆಯ ಊರಿಗೆ ಅಲೆದಾಡುವುದು ತಪ್ಪುತ್ತದೆ.

ಬಡಾವಣೆಯನ್ನು ರಸ್ತೆಯ ಪ್ರಕಾರ ಓದುವುದು

ಹುಬ್ಬಳ್ಳಿ, ಧಾರವಾಡಗಳ ನಡುವೆ ಸುಮಾರು 20 ಕಿ.ಮೀ. ದೂರವಿದೆ. 1962ರಿಂದ ಎರಡಕ್ಕೂ ಒಂದೇ ಮಹಾನಗರ ಪಾಲಿಕೆ ಇದ್ದರೂ, ಬದುಕಿನ ಗತಿ ಬೇರೆ ಬೇರೆ. ಎರಡನ್ನೂ ಜೋಡಿಸುವುದು ಹಳೇ ಪಿ.ಬಿ. ರಸ್ತೆ, 2018ರಿಂದ ಅದರ ನಡುಪಟ್ಟಿಯಲ್ಲಿ ಬಿಆರ್‌ಟಿಎಸ್‌ನ (ಪ್ರತ್ಯೇಕ ಪಥದ ತ್ವರಿತ ಬಸ್ ಸೇವೆಯ) ಚಿಗರಿ ಬಸ್ಸು ಓಡುತ್ತಿದೆ. ಹೊಸೂರು, ವಿದ್ಯಾನಗರ, ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು, ಟೋಲ್ ನಾಕಾ, ಜುಬಿಲಿ ಸರ್ಕಲ್ ಎಂದು ನಿಲ್ದಾಣಗಳು ಸಾಲಾಗಿವೆ. ಮನೆ ಮತ್ತು ಶಾಲೆ ಎರಡೂ ಈ ಸಾಲಿನ ನಿಲ್ದಾಣಗಳಿಂದ ಹತ್ತು ನಿಮಿಷದ ನಡಿಗೆಯಲ್ಲಿದ್ದರೆ, ಅವುಗಳ ನಡುವೆ ಹತ್ತು ಕಿ.ಮೀ. ಇದ್ದರೂ ಮಗು ಒಬ್ಬಂಟಿಯಾಗಿ ಹೋಗಿ ಬರಬಲ್ಲದು. ಈ ಸಾಲಿನಿಂದ ಹೊರಗೆ ಮೂರು ಕಿ.ಮೀ. ಒಳಗಿರುವ ಮನೆ ನಕ್ಷೆಯಲ್ಲಿ ಹತ್ತಿರ ಕಂಡರೂ ಮಗುವಿನ ಪಾಲಿಗೆ ದೂರವೇ. ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಎರಡು ಬದಿಯ ವಾಹನಗಳ ಒಂದು ಹರಿವನ್ನಾದರೂ ದಾಟಲೇಬೇಕು; ನಿಮ್ಮ ನಿಲ್ದಾಣದಲ್ಲಿ ಸಿಗ್ನಲ್ ಅಥವಾ ಮೇಲ್ದಾಟು ಇದೆಯೇ ಎಂಬುದನ್ನು ನಿಂತು ನೋಡಿ.

ವಿದ್ಯಾನಗರ ಹೆಸರಿಗೆ ತಕ್ಕಂತೆ ಕಾಲೇಜುಗಳ ನೆರೆ. ಪಿಯುಸಿ ವಿಜ್ಞಾನದ ಗುರಿ ಇಟ್ಟುಕೊಂಡವರು ಪ್ರೌಢಶಾಲೆಯ ಹೊತ್ತಿಗೇ ಇಲ್ಲಿ ಅಥವಾ ಪಕ್ಕದ ಶಿರೂರ ಪಾರ್ಕ್, ಲಿಂಗರಾಜನಗರದ ಕಡೆ ನೆಲೆಸಿದರೆ ಎರಡು ವರ್ಷಗಳ ನಂತರ ಮತ್ತೆ ಮನೆ ಹುಡುಕಬೇಕಾಗಿಲ್ಲ. ಬಾಡಿಗೆ ಅದಕ್ಕೆ ತಕ್ಕಂತೆ ಹೆಚ್ಚಿರುತ್ತದೆ. ಕೇಶ್ವಾಪುರ ಮತ್ತು ದೇಶಪಾಂಡೆ ನಗರಗಳಲ್ಲಿ ಹಳೆಯ, ಹೆಸರಾದ ಶಾಲೆಗಳು ನಡೆದು ಹೋಗುವ ದೂರದಲ್ಲಿ ಸಿಗುತ್ತವೆ, ರೈಲ್ವೆ ನೌಕರರಿಗೆ ಅವು ಸಹಜ ಆಯ್ಕೆ. ಆದರೆ ಅಲ್ಲಿಂದ ವಿದ್ಯಾನಗರದ ಕಡೆಗೆ ಹೋಗಬೇಕಾದರೆ ಚನ್ನಮ್ಮ ವೃತ್ತದ ದಟ್ಟಣೆಯನ್ನು ಎದುರಿಸಬೇಕು, ಮೇಲ್ಸೇತುವೆಯ ಕಾಮಗಾರಿ ಶುರುವಾದ ಮೇಲಂತೂ ಆ ವೃತ್ತದ ಎರಡು ಬದಿ ಎರಡು ಊರುಗಳಂತಾದವು. ಗೋಕುಲ ರಸ್ತೆಯಲ್ಲಿ ಹೊಸ ಮನೆಗಳು ಸಿಗುತ್ತವೆ, ಆದರೆ ಕೈಗಾರಿಕಾ ವಸಾಹತಿನ ಲಾರಿಗಳೂ ಇವೆ. ತಂದೆ ಹುಬ್ಬಳ್ಳಿಯಲ್ಲಿ, ತಾಯಿ ಧಾರವಾಡದಲ್ಲಿ ಕೆಲಸ ಮಾಡುವ ಮನೆಗಳಿಗೆ ನವನಗರ ನಡುದಾರಿ.

ಧಾರವಾಡದ ಮಾಳಮಡ್ಡಿ ನನ್ನ ಮೆಚ್ಚಿನದು ಎಂದು ಒಪ್ಪಿಕೊಂಡುಬಿಡುತ್ತೇನೆ. ರೈಲು ನಿಲ್ದಾಣದ ಪಕ್ಕದ ಆ ಓಣಿಗಳಲ್ಲಿ ಕರ್ನಾಟಕ ಎಜ್ಯುಕೇಶನ್ ಬೋರ್ಡಿನ ಹಳೆಯ ಶಾಲೆಯ ಮಕ್ಕಳು ಸಂಜೆ ಗುಂಪುಗುಂಪಾಗಿ ನಡೆದು ಮನೆಗೆ ಹೋಗುವುದನ್ನು ನೋಡಿದರೆ, ಶಾಲೆಯ ವ್ಯಾನು ಎಂಬುದು ಏಕೆ ಬೇಕು ಎನಿಸುತ್ತದೆ. ಕಲ್ಯಾಣನಗರ, ನಾರಾಯಣಪುರ ಶಾಂತವಾಗಿವೆ. ಸಪ್ತಾಪುರದಲ್ಲಿ ಮಾತ್ರ ಎರಡು ಸಲ ಯೋಚಿಸಿ: ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು, ಅವುಗಳಿಗಾಗಿ ನಾಡಿನ ಎಲ್ಲೆಡೆಯಿಂದ ಬಂದ ಯುವಕ-ಯುವತಿಯರ ರೂಮುಗಳು, ಖಾನಾವಳಿಗಳು, ರಾತ್ರಿಯವರೆಗೆ ತೆರೆದಿರುವ ವಾಚನಾಲಯಗಳು ಅಲ್ಲಿ ತುಂಬಿವೆ. ಓದಿನ ವಾತಾವರಣವೇನೋ ಸರಿ, ಆದರೆ ಅದು ಇಪ್ಪತ್ತೈದರ ವಯಸ್ಸಿನವರ ಓದು. ಕುಟುಂಬಕ್ಕೆ ತಕ್ಕ ಮನೆಯೂ ಅಲ್ಲಿ ಸುಲಭವಾಗಿ ಸಿಗುವುದಿಲ್ಲ.

ಕೆಲಸ ಗದಗದಲ್ಲಿ, ಮಗುವಿನ ಓದು ಹುಬ್ಬಳ್ಳಿಯಲ್ಲಿ ಎಂದು ನಿರ್ಧರಿಸುವವರೂ ಇದ್ದಾರೆ. ಸುಮಾರು 60 ಕಿ.ಮೀ. ದಾರಿ, ರೈಲಿನಲ್ಲಿ ದಿನವೂ ಓಡಾಡಬಹುದು. ಆದರೆ ಪ್ರೌಢಶಾಲೆಯ ಮಟ್ಟದಲ್ಲಿ ಗದಗಿನಲ್ಲಾಗಲಿ ಹಾವೇರಿಯಲ್ಲಾಗಲಿ ಒಳ್ಳೆಯ ಶಾಲೆ ಸಿಕ್ಕರೆ ಮಗುವನ್ನು ಅಲ್ಲಿಯೇ ಓದಿಸಿ, ಪಿಯುಸಿಗೆ ಹುಬ್ಬಳ್ಳಿಯ ಮಾತೆತ್ತುವುದು ಜಾಣತನ.

ನೀರಿನ ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. ಅವಳಿ ನಗರಕ್ಕೆ ಸವದತ್ತಿಯ ಮಲಪ್ರಭಾ ಜಲಾಶಯದಿಂದ ಮುಖ್ಯವಾಗಿ ನೀರು ಬರುತ್ತದೆ, ನೀರಸಾಗರ ಜಲಾಶಯದ್ದೂ ಸೇರುತ್ತದೆ. 2008ರ ಹೊತ್ತಿಗೆ ಎಂಟು ವಾರ್ಡುಗಳಲ್ಲಿ ದಿನದ 24 ತಾಸು ನೀರಿನ ಪ್ರಯೋಗ ಆರಂಭವಾಯಿತು. ಉಳಿದ ಎಷ್ಟೋ ಓಣಿಗಳಲ್ಲಿ ಕೆಲವು ದಿನಗಳಿಗೊಮ್ಮೆ ನೀರು ಬಿಡುವ ಪದ್ಧತಿ ಮುಂದುವರಿಯಿತು. ಮನೆ ನೋಡಲು ಹೋದಾಗ ಮಾಲಕರ ಮನೆಯವರು ನನಗೆ ಹೇಳಿದ್ದು ಇಷ್ಟೇ: "ನೀರು ಬಿಡ್ತಾರ್ರೀ, ಅದಕ್ಕೇನ್ ಚಿಂತಿ ಮಾಡಬ್ಯಾಡ್ರಿ." ಬಿಡುತ್ತಿದ್ದರು ನಿಜ, ನಸುಕಿನ ನಾಲ್ಕಕ್ಕೆ, ವಾರಕ್ಕೊಮ್ಮೆ. ಸಂಪು ಚಿಕ್ಕದಾದ್ದರಿಂದ ಆ ಹೊತ್ತಿಗೆ ಮನೆಯವರೆಲ್ಲ ಎದ್ದು ಕೊಡ, ಬಕೆಟ್ಟು ತುಂಬಬೇಕಿತ್ತು, ಮಾರನೆಯ ದಿನ ಮಗಳಿಗೆ ಕಿರುಪರೀಕ್ಷೆ ಇದ್ದರೂ. ಆದ್ದರಿಂದ ಮಾಲಕರನ್ನಲ್ಲ, ಎದುರು ಮನೆಯವರನ್ನು ಮೂರು ಮಾತು ಕೇಳಿ: ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ, ಸಂಪು ಎಷ್ಟು ದೊಡ್ಡದು.

ಶಾಲೆಯ ಒಳಗೆ ನೋಡಬೇಕಾದದ್ದು

ಮೂರು ನಾಲ್ಕು ಶಾಲೆಗಳನ್ನು ಆರಿಸಿಕೊಂಡ ಮೇಲೆ ಒಮ್ಮೆ ಬೆಳಿಗ್ಗೆ, ಒಮ್ಮೆ ಶಾಲೆ ಬಿಡುವ ಹೊತ್ತಿಗೆ ಹೋಗಿ. ಬೆಳಿಗ್ಗೆ ಕಾಣುವುದು ಶಾಲೆ ತೋರಿಸಲು ಬಯಸುವುದು. ಸಂಜೆ ಗೇಟಿನ ಹೊರಗೆ ಕಾಣುವುದು ನಿಜವಾದದ್ದು. ಫಲಿತಾಂಶದ ಫಲಕದಲ್ಲಿ ಶೇಕಡಾವಾರು ನೋಡಬೇಡಿ, ಎಷ್ಟು ಮಕ್ಕಳು ಪರೀಕ್ಷೆಗೆ ಕುಳಿತಿದ್ದರು ಎಂದು ಕೇಳಿ, ಜೊತೆಗೆ ಅದೇ ತಂಡ ಎಂಟರಲ್ಲಿದ್ದಾಗ ಎಷ್ಟು ಮಕ್ಕಳಿದ್ದರು ಎಂದೂ ಕೇಳಿ. ಎಂಟರಲ್ಲಿ ಎಂಬತ್ತು ಇದ್ದು ಹತ್ತರಲ್ಲಿ ಅರವತ್ತು ಉಳಿದಿದ್ದರೆ, ಉಳಿದ ಇಪ್ಪತ್ತು ಮಕ್ಕಳು ಎಲ್ಲಿ ಹೋದರು ಎಂಬ ಪ್ರಶ್ನೆಗೆ ಬರುವ ಉತ್ತರವೇ ಆ ಶಾಲೆಯ ನಿಜವಾದ ಪರಿಚಯ.

ಹಳೆಯ ಅನುದಾನಿತ ಶಾಲೆಗಳನ್ನು ಹೊಸಬರು ಕಟ್ಟಡ ನೋಡಿ ತಳ್ಳಿಹಾಕುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಅವಸರದ ತೀರ್ಮಾನ. ಫೀ ಕಡಿಮೆ, ಮೈದಾನ ದೊಡ್ಡದು, ಎಲ್ಲ ಬಗೆಯ ಮನೆಗಳ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅಲ್ಲಿ ಪರೀಕ್ಷಿಸಬೇಕಾದದ್ದು ಬೇರೆ: ನಿವೃತ್ತರಾದವರ ಹುದ್ದೆಗಳು ಖಾಲಿ ಉಳಿದಿರಬಹುದಾದ್ದರಿಂದ, ಗಣಿತ ಮತ್ತು ವಿಜ್ಞಾನವನ್ನು ಈ ವರ್ಷ ಯಾರು ಕಲಿಸುತ್ತಿದ್ದಾರೆ, ಅವರು ಎಷ್ಟು ವರ್ಷದಿಂದ ಇದ್ದಾರೆ ಎಂಬುದು. ಇದೇ ಪ್ರಶ್ನೆಯನ್ನು ಹೊಳೆಯುವ ಖಾಸಗಿ ಶಾಲೆಯಲ್ಲಿ ಕೇಳಿದರೆ ಉತ್ತರ ಇನ್ನೂ ಕುತೂಹಲಕರವಾಗಿರಬಹುದು. ಹೊಸ ಖಾಸಗಿ ಶಾಲೆಯಾದರೆ 9 ಮತ್ತು 10ನೆಯ ತರಗತಿಗಳಿಗೂ ಮಾನ್ಯತೆ ಇದೆಯೇ, ಸಿಬಿಎಸ್‌ಇ ಎಂದು ಬರೆದುಕೊಂಡಿದ್ದರೆ ಮಂಡಳಿ ಕೊಟ್ಟ ಸಂಯೋಜನೆಯ (ಅಫಿಲಿಯೇಶನ್) ಸಂಖ್ಯೆ ಯಾವುದು ಎಂದು ಕೇಳಿ, ಅದನ್ನು ಮಂಡಳಿಯ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಕೇಂದ್ರ ಸರಕಾರಿ ನೌಕರರಿಗೆ ಹುಬ್ಬಳ್ಳಿಯ ರಾಜನಗರದಲ್ಲಿಯೂ ಧಾರವಾಡದಲ್ಲಿಯೂ ಕೇಂದ್ರೀಯ ವಿದ್ಯಾಲಯಗಳಿವೆ, ವರ್ಗಾವಣೆಯ ಮಕ್ಕಳಿಗೆ ಆದ್ಯತೆ ಇದೆ.

ಮಗುವಿನ ಮಾತನ್ನೂ ಕೇಳಬೇಕು, ಆದರೆ ಹತ್ತು ಶಾಲೆಗಳನ್ನು ಮುಂದಿಟ್ಟು ಅಲ್ಲ. ದೊಡ್ಡವರು ಸೋಸಿ ಎರಡನ್ನು ಉಳಿಸಿ, ಆ ಎರಡರಲ್ಲಿ ಒಂದನ್ನು ಆರಿಸುವುದನ್ನು ಮಗುವಿಗೆ ಬಿಡಿ. ತಾನೇ ಆರಿಸಿದ ಶಾಲೆಯ ಕೊರತೆಯನ್ನು ಅದು ಹೆಚ್ಚು ಸಹಿಸುತ್ತದೆ. ಶಾಲೆಯ ಹೊರಗಿನ ಆಸಕ್ತಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ನನ್ನ ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಳು. ಹಿಂದೂಸ್ತಾನಿಯ ತವರಾದ ಧಾರವಾಡದಲ್ಲಿ ಅದಕ್ಕೆ ಗುರುಗಳನ್ನು ಹುಡುಕುವುದು ಶಾಲೆ ಹುಡುಕಿದ್ದಕ್ಕಿಂತ ಕಷ್ಟವಾಯಿತು. ಕೊನೆಗೆ ಅವಳು ತಂಬೂರಿಯ ಎದುರು ಮೊದಲಿನಿಂದ ಕುಳಿತಳು.

ಕಾಗದಪತ್ರ ಮತ್ತು ಕಾಲ

ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ, ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆಯ ಹೊತ್ತಿಗೆ ಆರಂಭವಾಗುತ್ತವೆ. ಜನವರಿ-ಫೆಬ್ರವರಿಯಲ್ಲಿ ಒಮ್ಮೆ ಬಂದು ನೋಡಿದರೆ ಎರಡಕ್ಕೂ ಸಮಯವಿರುತ್ತದೆ. ವರ್ಗಾವಣೆ ಪತ್ರ, ಹಿಂದಿನ ಎರಡು ವರ್ಷಗಳ ಅಂಕಪಟ್ಟಿ, ಜನನ ಪ್ರಮಾಣಪತ್ರ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೊತೆಗಿರಲಿ. ರಾಜ್ಯದೊಳಗಿನ ಬದಲಾವಣೆಯಾದರೆ ಮಗುವಿನ ಎಸ್‌ಎಟಿಎಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಸಂಖ್ಯೆಯನ್ನು ಹಳೆಯ ಶಾಲೆ ಆನ್‌ಲೈನ್‌ನಲ್ಲಿ ಬಿಟ್ಟುಕೊಡಬೇಕು. ಹೊರರಾಜ್ಯದ ವರ್ಗಾವಣೆ ಪತ್ರಕ್ಕೆ ಅಲ್ಲಿಯ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿಕೊಂಡೇ ಹೊರಡಿ. ದಾಖಲಾತಿ ಪುಸ್ತಕದಲ್ಲಿ ಬರೆದ ಹೆಸರು, ಹುಟ್ಟಿದ ದಿನವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುವುದರಿಂದ, ತಂದೆಯ ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ಸೇರಿಸುವ ದಿನವೇ ತಿದ್ದಿಸಿ.

ಬಸ್ ಪಾಸು ಮಾಡಿಸುವಾಗ ಅದು ಯಾವ ಬಸ್ಸುಗಳಲ್ಲಿ, ಎಲ್ಲಿಂದ ಎಲ್ಲಿಯವರೆಗೆ ನಡೆಯುತ್ತದೆ ಎಂದು ಪಾಸಿನ ಕೌಂಟರಿನಲ್ಲಿಯೇ ಕೇಳಿಕೊಳ್ಳಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ನಗರ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ. ಶಾಲೆ ಶುರುವಾಗುವ ಹಿಂದಿನ ವಾರ ಮಗುವಿನ ಜೊತೆ ಎರಡು ದಿನ ಅದೇ ಹೊತ್ತಿಗೆ, ಅದೇ ಬಸ್ಸಿನಲ್ಲಿ ಹೋಗಿ ಬನ್ನಿ. ಮೂರನೆಯ ದಿನ ಅದು ಒಂಟಿಯಾಗಿ ಹೋಗಲಿ.

ಕೊನೆಯದಾಗಿ ಬಾಡಿಗೆ ಕರಾರು. ಇಲ್ಲಿ ಸಾಮಾನ್ಯವಾಗಿ ಅದನ್ನು 11 ತಿಂಗಳಿಗೆ ಬರೆಯುತ್ತಾರೆ. ಏಪ್ರಿಲ್‌ನಲ್ಲಿ ಸಹಿ ಮಾಡಿದರೆ ಅದು ಮುಂದಿನ ಮಾರ್ಚ್‌ಗೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯುವ ಹೊತ್ತಿಗೆ ಮುಗಿಯುತ್ತದೆ, ಮತ್ತು ಮಾಲಕರು ಬಾಡಿಗೆ ಏರಿಸುವ ಅಥವಾ ಮನೆ ಬಿಡಿಸುವ ಮಾತು ತೆಗೆಯುವುದು ಆಗಲೇ. ಕರಾರನ್ನು ಜೂನ್‌ನಿಂದ ಬರೆಸಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಬಾಡಿಗೆಯನ್ನು ಬೇಕಾದರೆ ಬೇರೆಯಾಗಿ ಕೊಟ್ಟು ರಸೀದಿ ಪಡೆಯಿರಿ.